ಕಠಿನ ಪದಗಳೂ ಅವುಗಳ ಅರ್ಥವೂ: ನಮ್ಮ ಇಂಗ್ಲಿಷು–ಕನ್ನಡ ಕೋಶಗಳನ್ನು ಕುರಿತು ಒಂದು ವಿಮರ್ಶೆ

ವರ್ಕಾಡಿಯ ಕಡೆಯ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬನ ಟಿಪ್ಪಣಿ ಪುಸ್ತಕವನ್ನು ಈಚೆಗೆ ನಾವು ನೋಡಿದೆವು. ಪುಟದ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ. ಅದರ ಎಡಕ್ಕೆ ಇಂಗ್ಲಿಷು ಪದ, ಬಲಕ್ಕೆ ಕನ್ನಡ ಅರ್ಥ. 'ಎಫೆಮೆರಲ್ – ಕ್ಷಣಭಂಗುರ', 'ಕ್ಯಾಂಡಿಡ್ – ನಿಷ್ಕಪಟ', 'ಯುಬಿಕ್ವಿಟಸ್ – ಸರ್ವವ್ಯಾಪಿ', 'ಪ್ರಿಕೇರಿಯಸ್ – ಅನಿಶ್ಚಿತ', ಹೀಗೆ ಇನ್ನೂರಕ್ಕೆ ಮಿಕ್ಕಿದ ಪದಗಳು. ಅಕ್ಷರಗಳು ದುಂಡಗಿದ್ದುವು, ಕಾಗುಣಿತದ ತಪ್ಪು ಒಂದಾದರೂ ಇರಲಿಲ್ಲ. ಮುಂದೆ ಬರುವ ಪ್ರವೇಶ ಪರೀಕ್ಷೆಗಳಿಗೆ ಇಂತಹ ಪದಗಳು ಬೇಕಾಗುತ್ತವೆಂದು ಯಾರೋ ಹೇಳಿದುದರಿಂದ ಹುಡುಗನು ರಜೆಯಲ್ಲಿ ಕುಳಿತು ಒಂದು ಅಗ್ಗದ ಪದಪಟ್ಟಿಯಿಂದ ಇದನ್ನೆಲ್ಲ ಇಳಿಸಿಕೊಂಡಿದ್ದನು. ನಮಗೆ ಸಂತೋಷವಾಯಿತು. "ಕ್ಷಣಭಂಗುರ ಅಂದರೆ ಎಂತದು ಮಾರಾಯಾ?" ಎಂದು ಕೇಳಿದೆವು. ಆತನು ಒಂದಿಷ್ಟೂ ತಡೆಯದೆ, "ಎಫೆಮೆರಲ್, ಮಾಷ್ಟ್ರೆ" ಎಂದನು.

ಎರಡು ಪೆಟ್ಟಿಗೆಗಳಿಗೆ ಬೀಗ ಹಾಕಿ, ಒಂದರ ಕೀಲಿಕೈಯನ್ನು ಇನ್ನೊಂದರ ಒಳಗೆ ಇಟ್ಟಂತಾಯಿತು. ಹುಡುಗನನ್ನು ದೂರುವಂತಿಲ್ಲ. ಆತನಿಗೆ ಒದಗಿದ ಪುಸ್ತಕವು ಹಾಗೆ ಇದ್ದಿತು; ಅದನ್ನು ಒದಗಿಸಿದವರ ಪರಂಪರೆಯಲ್ಲಿ ನಾವೂ ಇದ್ದೇವೆ. ಇಂಗ್ಲಿಷಿನ ಪ್ರೌಢ ಪದಗಳನ್ನು ಕಲಿಯುವವನಿಗೆ ಕನ್ನಡದಲ್ಲಿ ಅರ್ಥ ಹೇಳುವುದೆಂದರೆ ಏನು ಎಂಬ ಪ್ರಶ್ನೆಯನ್ನು ನಮ್ಮ ಕೋಶಗಳಿಗೂ ಕೇಳಬೇಕು, ನಮ್ಮ ಪಾಠಕ್ರಮಕ್ಕೂ ಕೇಳಬೇಕು. ಗಡಿನಾಡಿನಲ್ಲಿ ಈ ಪ್ರಶ್ನೆಗೆ ಬೇರೊಂದು ತೊಡಕೂ ಉಂಟು. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಕೋಶಗಳ ಮಾತು. ಇಂಗ್ಲಿಷಿನಿಂದ ಕನ್ನಡಕ್ಕೆ ಅರ್ಥ ಕೊಡುವ ಕೆಲಸವು ನಮ್ಮಲ್ಲಿ ಹೊಸತಲ್ಲ. ವಿಲಿಯಂ ರೀವ್ ಎಂಬವರ ಇಂಗ್ಲಿಷು–ಕರ್ಣಾಟಕ ಕೋಶವು 1824ರಲ್ಲಿಯೂ ಕರ್ಣಾಟಕ–ಇಂಗ್ಲಿಷು ಕೋಶವು 1832ರಲ್ಲಿಯೂ ಮದರಾಸಿನಲ್ಲಿ ಹೊರಬಂದುವು. ಅನಂತರ 1870ರ ದಶಕದಲ್ಲಿ ಜೀಗ್ಲರ್ ಎಂಬ ಪಾದ್ರಿಗಳು ಶಾಲಾಮಕ್ಕಳಿಗಾಗಿಯೇ ಒಂದು ಇಂಗ್ಲಿಷು–ಕನ್ನಡ ಕೋಶವನ್ನು ಸಿದ್ಧಪಡಿಸಿದರು. ಅದು ನಮ್ಮ ಮಂಗಳೂರಿನ ಬಾಸೆಲ್ ಮಿಶನಿನ ಅಚ್ಚುಕೂಟದ್ದು. ಶಾಲೆಯ ಮಕ್ಕಳು ಕೈಯಲ್ಲಿ ಹಿಡಿಯಬಲ್ಲ ಗಾತ್ರದ ಪುಸ್ತಕವೆಂದರೆ ಅರ್ಥಗಳು ಮೊಟಕಾಗದೆ ವಿಧಿಯಿಲ್ಲ. ಒಂದು ಪದ, ಎದುರಿಗೆ ಒಂದೆರಡು ಪ್ರತಿಪದ, ಅಲ್ಲಿಗೆ ಮುಗಿಯಿತು. ಈ ಮೊಟಕಿನ ಕ್ರಮವೇ ಮುಂದೆ ಪೇಟೆಯ ಪದಪಟ್ಟಿಗಳಿಗೆ ಮೇಲ್ಪಂಕ್ತಿಯಾಯಿತೆಂದು ನಮಗೆ ತೋರುತ್ತದೆ. ಜೀಗ್ಲರರ ಕಾಲದ ಶಾಲೆಯಲ್ಲಿ ಪದದ ಮಿಕ್ಕ ಸಂಗತಿಯನ್ನು ಹೇಳಲು ಉಪಾಧ್ಯಾಯರಿದ್ದರು. ಪೇಟೆಯ ಪಟ್ಟಿಯಾದರೋ ಉಪಾಧ್ಯಾಯನನ್ನು ಬದಿಗೆ ಸರಿಸಿ ತಾನೇ ಪಾಠ ಹೇಳಲು ಹೊರಟಿತು.

ಅದೇ ಅಚ್ಚುಕೂಟದಿಂದ 1894ರಲ್ಲಿ ಹೊರಬಂದ ಕಿಟ್ಟೆಲರ ಕೋಶವನ್ನು ಇಲ್ಲಿ ಎಣಿಸಬಾರದು, ಏಕೆಂದರೆ ಅದು ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಹೇಳುವಂತಹದು, ಎಂದು ಯಾರಾದರೂ ಹೇಳಬಹುದು. ಆದರೆ ಅರ್ಥ ಹೇಳುವ ರೀತಿಯನ್ನು ನಾವು ಕಲಿಯಬೇಕಾದುದು ಅಲ್ಲಿಯೇ. ಸುಮಾರು 70,000 ಉಲ್ಲೇಖಗಳ ಆ ಗ್ರಂಥದಲ್ಲಿ ಕಿಟ್ಟೆಲರು ಪದದ ಪಕ್ಕದಲ್ಲಿ ಪ್ರತಿಪದವನ್ನಿಟ್ಟು ಕೈತೊಳೆದುಕೊಳ್ಳಲಿಲ್ಲ. ಕವಿಗಳಲ್ಲಿ ಪದವು ಎಲ್ಲಿ ಬಂದಿದೆ, ಗಾದೆಯಲ್ಲಿ ಜನರು ಅದನ್ನು ಹೇಗೆ ಆಡುತ್ತಾರೆ, ತುಳು ಮಲಯಾಳ ತಮಿಳು ತೆಲುಗುಗಳಲ್ಲಿ ಅದರ ನಂಟರು ಯಾರು ಎಂಬುದನ್ನು ಹುಡುಕಿ ಹುಡುಕಿ ತಂದರು. ಪರದೇಶದಿಂದ 1853ರಲ್ಲಿ ಬಂದ ವ್ಯಕ್ತಿಯೊಬ್ಬರಿಗೆ, ಪದವನ್ನು ಅದರ ಮನೆಯಲ್ಲಿ ಕಂಡಲ್ಲದೆ ಅರ್ಥ ತಿಳಿಯದು ಎಂದು ಹೊಳೆಯಿತು. ಮದರಾಸು ವಿಶ್ವವಿದ್ಯಾನಿಲಯದ ಮರಿಯಪ್ಪ ಭಟ್ಟರು ಪರಿಷ್ಕರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದಾಗಲೂ ಆ ಗುಣವು ಉಳಿಯಿತು.

1946ರಲ್ಲಿ ಬಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷು–ಕನ್ನಡ ನಿಘಂಟು ನಮ್ಮೆಲ್ಲರ ಗೌರವಕ್ಕೆ ಪಾತ್ರವಾದುದು. ಒಂದೇ ಇಂಗ್ಲಿಷು ಪದದೊಳಗಿನ ಅರ್ಥಗಳನ್ನು ಬೇರೆ ಬೇರೆಯಾಗಿ ಬಿಡಿಸಿ ಕೊಟ್ಟದ್ದು ಅದರ ದೊಡ್ಡ ಉಪಕಾರ. ಆಧುನಿಕ ಶಾಸ್ತ್ರಗಳಿಗೆ ಕನ್ನಡದಲ್ಲಿ ಪರಿಭಾಷೆಯೇ ಇಲ್ಲದಿದ್ದ ಹೊತ್ತಿನಲ್ಲಿ ಅದಕ್ಕೆ ಸಂಸ್ಕೃತದ ಮೊರೆಹೋಗದೆ ದಾರಿಯಿರಲಿಲ್ಲ. ಆ ಪದಗಳಿಂದಲೇ ಇಂದು ನಮ್ಮ ಪಾಠಪುಸ್ತಕಗಳು ನಡೆಯುತ್ತಿವೆ. ಆದರೂ ಒಂದು ಮಾತು. ಅದು ಪಂಡಿತನಿಗೆ, ಅನುವಾದಕನಿಗೆ, ಪತ್ರಿಕೆಯವನಿಗೆ ಮಾಡಿದ ಕೋಶ. ಕನ್ನಡವನ್ನು ಬಲ್ಲವನು ಇಂಗ್ಲಿಷು ಪದಕ್ಕೆ ಕನ್ನಡವನ್ನು ಹುಡುಕುವಾಗ ಅದು ಕಾಮಧೇನು. ಕನ್ನಡವನ್ನೂ ಇನ್ನೂ ಕಲಿಯುತ್ತಿರುವ ಹದಿನಾಲ್ಕು ವರ್ಷದವನ ಕೈಗೆ ಅದರ ಸಂಗ್ರಹದ ಸಂಗ್ರಹವನ್ನು ಕೊಟ್ಟರೆ ಆಗುವುದು 'ಎಫೆಮೆರಲ್, ಮಾಷ್ಟ್ರೆ' ಎಂಬುದೇ.

ಕಲಿಯುವವನಿಗಾಗಿಯೇ ಕೋಶ ಮಾಡುವ ವಿದ್ಯೆ ಬೇರೆ. ಅದನ್ನು ಮೈಕೆಲ್ ವೆಸ್ಟ್ ಎಂಬವರು ಕಲಿತದ್ದು ಇಂಗ್ಲೆಂಡಿನಲ್ಲಿ ಅಲ್ಲ, ನಮ್ಮ ಬಂಗಾಲದ ಢಾಕಾದಲ್ಲಿ, ಬಂಗಾಲಿ ಮಕ್ಕಳಿಗೆ ಇಂಗ್ಲಿಷು ಹೇಳಿಕೊಡುತ್ತ. 1935ರಲ್ಲಿ ಬಂದ ಅವರ ಕೋಶದಲ್ಲಿ ಎಲ್ಲ ಅರ್ಥವಿವರಣೆಯನ್ನೂ 1,490 ಸುಲಭ ಪದಗಳೊಳಗೇ ಹೇಳಬೇಕೆಂಬ ಕಟ್ಟುಪಾಡು ಇದ್ದಿತು. ಕಠಿನ ಪದವನ್ನು ಕಠಿನ ಪದದಿಂದ ವಿವರಿಸಬಾರದು ಎಂಬ ನಿಯಮವನ್ನು ಲೆಕ್ಕಕಟ್ಟಿ ಪಾಲಿಸಿದರು. ಜಪಾನಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದ ಹಾರ್ನ್‌ಬಿ ಮತ್ತು ಸಂಗಡಿಗರ ಕೋಶವು 1942ರಲ್ಲಿ ಟೋಕಿಯೋವಿನಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡಿನ ಮುದ್ರಣಾಲಯದಿಂದ ಲೋಕಕ್ಕೆಲ್ಲ ಹಬ್ಬಿತು. ಪದವು ವಾಕ್ಯದಲ್ಲಿ ಯಾವ ಜಾಗದಲ್ಲಿ ಕುಳಿತುಕೊಳ್ಳುತ್ತದೆ ಎಂಬುದನ್ನೂ ಅರ್ಥದ ಭಾಗವೆಂದೇ ಅವರು ಎಣಿಸಿದರು. ನಮ್ಮ ಕೈಗೆ ಬಂದ ಇಂಗ್ಲಿಷು–ಕನ್ನಡ ಪದಪಟ್ಟಿಗಳಲ್ಲಿ ಈ ಎರಡು ವಿವೇಕಗಳಲ್ಲಿ ಒಂದೂ ಇಲ್ಲ. ಸಾವಿರ ಪದಗಳಿಂದ ಕನ್ನಡದಲ್ಲಿ ಅರ್ಥ ಹೇಳುತ್ತೇವೆಂದು ಪಣತೊಟ್ಟವನಿಗೆ 'ಕ್ಷಣಭಂಗುರ' ಬರೆಯಲು ಕೈಬರಲಾರದು. 'ಸ್ವಲ್ಪ ಹೊತ್ತು ಇದ್ದು ಇಲ್ಲವಾಗುವ' ಎಂದೇ ಬರೆಯಬೇಕು.

'ಯುಬಿಕ್ವಿಟಸ್' ಪದವನ್ನು ನೋಡಿರಿ. ನಮ್ಮ ಹುಡುಗನ ಪುಸ್ತಕದಲ್ಲಿ ಅದಕ್ಕೆ 'ಸರ್ವವ್ಯಾಪಿ' ಎಂದಿದೆ. ಅರ್ಥವು ಸರಿ, ಆದರೆ 'ಸರ್ವವ್ಯಾಪಿ' ಎಂದೊಡನೆ ನಮ್ಮ ಮನಸ್ಸು ಕೈಮುಗಿಯುತ್ತದೆ. ಇಂಗ್ಲಿಷಿನಲ್ಲಿಯೂ ಈ ಪದದ ಕುಟುಂಬವು 16ನೆಯ ಶತಮಾನದಲ್ಲಿ ಕ್ರಿಸ್ತನ ಸರ್ವಸಾನ್ನಿಧ್ಯದ ಜಿಜ್ಞಾಸೆಯಿಂದಲೇ ಹೊರಟದ್ದು. ಇಂದಿನ ಬರಹಗಾರನು ಮಾತ್ರ ಅದನ್ನು ಪ್ಲಾಸ್ಟಿಕು ಚೀಲಕ್ಕೆ, ಕಾಗೆಗೆ, ಗೋಡೆಯ ಜಾಹೀರಾತಿಗೆ ಹಚ್ಚುತ್ತಾನೆ, ಒಂದು ನಗೆಯನ್ನೂ ಸೇರಿಸಿ. ಕನ್ನಡದಲ್ಲಿ ಅದಕ್ಕೆ ಸಲ್ಲುವ ಮಾತು 'ಎಲ್ಲಿ ನೋಡಿದರಲ್ಲಿ ಅದೇ' ಎಂಬುದು. ಇದು ಒಂದು ಪದವಲ್ಲ, ನಿಜ. ಅರ್ಥಕ್ಕೆ ಅರ್ಥವು ಒಂದೇ ಪದವಾಗಿರಬೇಕೆಂದು ಯಾರು ವಿಧಿಸಿದರು?

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಬ್ಬಳು ಹುಡುಗಿ, ತನ್ನ ತಂದೆ ತೋಟದ ಕಳೆಯನ್ನು 'ಇರಾಡಿಕೇಟ್' ಮಾಡಿದರೆಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ನಾವು ಕೆಂಪು ಶಾಯಿಯಿಂದ ಗೆರೆ ಎಳೆದೆವು. ಬಡತನ, ಅಜ್ಞಾನ, ಸಿಡುಬು ಮುಂತಾದ ದೊಡ್ಡ ಸಂಗತಿಗಳ ಜತೆಯಲ್ಲಿಯೇ ನಾವು ಆ ಪದವನ್ನು ಕಂಡಿದ್ದುದು. ಸಿಡುಬು ಲೋಕದಿಂದಲೇ ನಿರ್ಮೂಲವಾಯಿತೆಂದು 1980ರಲ್ಲಿ ಸಾರಿದಾಗ ಬಳಸಿದ ಪದ ಅದು. ತೋಟದ ಹುಲ್ಲಿಗೆ ಅದೇಕೆ ಎಂದು ನಮ್ಮ ಅಹಂಕಾರ. ಮುಂದೆ ಒಂದು ದೊಡ್ಡ ಇಂಗ್ಲಿಷು ಕೋಶವನ್ನು ತೆರೆದಾಗ ತಿಳಿಯಿತು: ಲ್ಯಾಟಿನಿನಲ್ಲಿ 'ರಾಡಿಕ್ಸ್' ಎಂದರೆ ಬೇರು, ಬೇರುಸಹಿತ ಕೀಳುವುದೇ ಆ ಪದದ ಮೊದಲ ಅರ್ಥ, ಕಳೆಯ ಸಂಗಡ ಅದನ್ನು ಇಂಗ್ಲಿಷರು ಇಂದಿಗೂ ಬಳಸುತ್ತಾರೆ. ಹುಡುಗಿಯು ಸರಿಯಾಗಿಯೇ ಬರೆದಿದ್ದಳು. ಆ ಹೊತ್ತಿಗೆ ಅವಳು ಶಾಲೆ ಬಿಟ್ಟು ಹೋಗಿದ್ದಳು. ಕೆಂಪು ಗೆರೆಯನ್ನು ಅಳಿಸುವ ಬಗೆಯಿರಲಿಲ್ಲ.

ಆ ಒಂದು ಬೇರನ್ನು ಹಿಡಿದು ಎಳೆದರೆ ಎಷ್ಟೊಂದು ಬರುತ್ತದೆ! 'ನಿರ್ಮೂಲ' ಎಂಬ ನಮ್ಮ ಪದದ ಕಟ್ಟಡವೂ ಅದೇ: ನಿರ್, ಮೂಲ. 'ರ್‍ಯಾಡಿಕಲ್' ಬದಲಾವಣೆ ಎಂದರೆ 'ಆಮೂಲಾಗ್ರ' ಬದಲಾವಣೆ. ಅಲ್ಲಿಯೂ ಬೇರು, ಇಲ್ಲಿಯೂ ಬೇರು. 'ರ್‍ಯಾಡಿಶ್' ಎಂಬ ತರಕಾರಿಯು ಆ ಲ್ಯಾಟಿನು ಬೇರಿನಿಂದ ಬಂದಿದ್ದರೆ, ನಮ್ಮ ಮೂಲಂಗಿಯ ಹಿಂದೆ ಸಂಸ್ಕೃತದ 'ಮೂಲಕ' ನಿಂತಿದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಹಾಗೆಂದೇ ಸಂಸ್ಕೃತದ ಅರ್ಥಗಳನ್ನು ಕಿತ್ತೊಗೆಯಬೇಕೆಂದು ನಾವು ಹೇಳುತ್ತಿಲ್ಲ. ಬಿಡಿಸಿ ತೋರಿಸಿದ ಸಂಸ್ಕೃತ ಪದವು ಬೆಳಕು ಕೊಡುತ್ತದೆ. ಉಂಡೆಕಟ್ಟಿ ಬಾಯಿಗೆ ತುರುಕಿದುದು ಗಂಟಲಲ್ಲಿ ನಿಲ್ಲುತ್ತದೆ.

ಆದರೆ ಬೇರು ಸಿಕ್ಕಿದರೆ ಮರ ಸಿಕ್ಕಿತೆಂದು ತಿಳಿಯುವುದೂ ಮೋಸವೇ. 'ಮ್ಯಾಗ್ನಾನಿಮಸ್' ಪದವನ್ನು ಒಡೆದರೆ 'ಮ್ಯಾಗ್ನಸ್' ಎಂದರೆ ಮಹತ್, 'ಆನಿಮಸ್' ಎಂದರೆ ಚೇತನ, ಮನಸ್ಸು. ಕೂಡಿಸಿದರೆ ಸಾಕ್ಷಾತ್ 'ಮಹಾತ್ಮ'. ಹಾಗೆಂದು ಗಾಂಧಿಯವರ ಹೆಸರಿನ ಹಿಂದೆ ಆ ಇಂಗ್ಲಿಷು ಪದವನ್ನು ಬಿರುದಾಗಿ ಹಚ್ಚಿದರೆ ಇಂಗ್ಲಿಷು ಬಲ್ಲವನು ಬೆಪ್ಪಾಗುವನು. ಗೆದ್ದವನು ಸೋತವನ ಮೇಲೆ ಹಗೆ ಸಾಧಿಸದೆ ಕೈಚಾಚಿದರೆ ಅವನು ಮ್ಯಾಗ್ನಾನಿಮಸ್. ಪದವು ಅಂತಹ ಸಂದರ್ಭಕ್ಕೆ ಕಟ್ಟುಬಿದ್ದಿದೆ. ಅದೇ 'ಆನಿಮಸ್' ಬಳಗದಲ್ಲಿ 'ಯುನಾನಿಮಸ್' ಎಂದರೆ ಒಮ್ಮನದ, 'ಈಕ್ವಾನಿಮಿಟಿ' ಎಂದರೆ ಸಮಚಿತ್ತತೆ; ಇವೆರಡು ಒಡೆದಂತೆಯೇ ಅರ್ಥ ಕೊಡುತ್ತವೆ. 'ಪ್ಯೂಸಿಲ್ಯಾನಿಮಸ್' ಎಂಬುದನ್ನು ಒಡೆದರೆ ಅಲ್ಪ ಮನಸ್ಸಿನವನು ಎಂದು ಬರುತ್ತದೆ, ಬಳಕೆಯಲ್ಲಿ ಮಾತ್ರ ಹೇಡಿ ಎಂದೇ. ಇನ್ನೊಂದು ಜೋಡಿ ನಮಗೆ ಬಹಳ ಪ್ರಿಯವಾದುದು. 'ಕಂಪ್ಯಾಷನ್' ಎಂದರೆ ಮೂಲದಲ್ಲಿ ಜತೆಗೂಡಿ ನೋಯುವುದು. ನಮ್ಮ 'ಅನುಕಂಪ'ವೋ ಜತೆಗೂಡಿ ನಡುಗುವುದು. ಪರರ ದುಃಖವನ್ನು ಕಂಡು ಅವರು ನೊಂದರು, ನಮ್ಮವರು ನಡುಗಿದರು.

ಇನ್ನು ಗಡಿನಾಡಿನ ತೊಡಕು. 1956ರ ನವೆಂಬರ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮಕ್ಕಳು ಮೂರು ಲಿಪಿಗಳ ನಡುವೆ ಬೆಳೆಯುತ್ತಿದ್ದಾರೆ. ವರ್ಕಾಡಿಯ ಒಂದು ತರಗತಿಯಲ್ಲಿ ಮನೆಮಾತು ತುಳು ಆದವರಿದ್ದಾರೆ, ಕೊಂಕಣಿಯವರಿದ್ದಾರೆ, ಬ್ಯಾರಿ ಮಾತಿನವರು, ಹವ್ಯಕರು, ಮಲಯಾಳದವರು ಇದ್ದಾರೆ. ಇವರಲ್ಲಿ ಬಹುಮಂದಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ. ಇಂಗ್ಲಿಷಿಗೆ ಕನ್ನಡದಲ್ಲಿ ಅರ್ಥ ಹೇಳಿದಾಗ ನಾವು ಎರಡನೆಯ ಮೆಟ್ಟಲಿನಿಂದ ಮೂರನೆಯದಕ್ಕೆ ಹತ್ತಿಸುತ್ತಿದ್ದೇವೆ. ಮೊದಲನೆಯ ಮೆಟ್ಟಲು ಮನೆಯಲ್ಲಿದೆ. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಕುಳಿತು ಪಟ್ಟಿ ಮಾಡಿದವರಿಗೆ ಇದು ಕಾಣಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಅದರ ಮೇಲೆ ಸಂಸ್ಕೃತದ ಒಂದೇ ಪದವು ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಇನ್ನೊಂದು ಆಗಿ ನಿಂತಿರುತ್ತದೆ. ಇಂಗ್ಲಿಷಿನ 'ರೈಟ್' ಎಂಬ ನಾಮಪದವು ನಮ್ಮಲ್ಲಿ 'ಹಕ್ಕು', ಮಲಯಾಳದಲ್ಲಿ 'ಅವಕಾಶ'. 2005ರ ಮಾಹಿತಿ ಹಕ್ಕು ಕಾಯಿದೆಯನ್ನು ಮಲಯಾಳದಲ್ಲಿ 'ವಿವರಾವಕಾಶ' ಕಾಯಿದೆ ಎನ್ನುತ್ತಾರೆ. ಕಚೇರಿಯ ಫಲಕವನ್ನು ಕೂಡಿಸಿ ಓದಿದ ನಮ್ಮ ಹುಡುಗನು, ವಿವರ ಕೇಳಲು ಇವರು ದಯಮಾಡಿ ಒಂದು ಅವಕಾಶ ಕೊಟ್ಟಿದ್ದಾರೆಂದು ತಿಳಿದರೆ ಆಶ್ಚರ್ಯವಿಲ್ಲ. ಹಕ್ಕಿಗೂ ಅವಕಾಶಕ್ಕೂ ಇರುವ ಅಂತರವು ಗಡಿನಾಡಿನವರಿಗೆ ಬರಿಯ ವ್ಯಾಕರಣದ ವಿಷಯವಲ್ಲವೆಂದು ವಾಚಕರಿಗೆ ಹೇಳಬೇಕಾದುದಿಲ್ಲ. 'ಉಪನ್ಯಾಸ' ನಮ್ಮಲ್ಲಿ ಭಾಷಣ, ಅಲ್ಲಿ ಪ್ರಬಂಧ. 'ಆಗ್ರಹ' ನಮ್ಮಲ್ಲಿ ಒತ್ತಾಯ, ಅಲ್ಲಿ ಬರಿಯ ಆಸೆ. 'ಸಂಸಾರ' ಅಲ್ಲಿ ಮಾತುಕತೆ. 'ಪ್ರಸಂಗ'ವೆಂದರೆ ಅಲ್ಲಿ ಭಾಷಣ. ಯಕ್ಷಗಾನದ ಈ ಸೀಮೆಯಲ್ಲಿ ಪ್ರಸಂಗವೆಂದರೆ ರಾತ್ರಿ ಬೆಳಗಾಗಬೇಕು. ಕನ್ನಡವರಿಯದ ಉಪಾಧ್ಯಾಯರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕವಾಗಿ ಬಂದುದರ ಬಗೆಗೆ ನಮ್ಮ ಜಿಲ್ಲೆಯಲ್ಲಿ ಪ್ರತಿಭಟನೆಗಳು ನಡೆದುದುಂಟು. ಅಂತಹ ಉಪಾಧ್ಯಾಯರು ಸದ್ಭಾವದಿಂದಲೇ 'ರೈಟ್ ಎಂದರೆ ಅವಕಾಶ' ಎಂದು ಹಲಗೆಯ ಮೇಲೆ ಬರೆದರೂ, ಅದು ಮಕ್ಕಳ ಪುಸ್ತಕದಲ್ಲಿ ತಪ್ಪಾಗಿಯೇ ಕುಳಿತುಕೊಳ್ಳುತ್ತದೆ. ಪದ ಪದಕ್ಕೆ ಪದವನ್ನು ಕೊಡುವ ಕ್ರಮವು ಎಲ್ಲಿಯೂ ದುರ್ಬಲ, ನಮ್ಮಲ್ಲಿ ಅಪಾಯಕರ.

ಅರ್ಥವು ಸಂದರ್ಭದಿಂದ ಹುಟ್ಟುತ್ತದೆ ಎಂಬುದಕ್ಕೆ ಈ ನೆರೆಯಲ್ಲಿಯೇ ದೊಡ್ಡ ಮೇಲ್ಪಂಕ್ತಿಯುಂಟು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ರಾಜನೂ ಪರಿವಾರದವರೂ ಆಡುವ ಗ್ರೀಕಲ್ಲದ ಮಾತುಗಳಿವೆ. ಅವು ಕನ್ನಡವಿರಬಹುದೆಂದು ಹುಲ್ಟ್ಸ್ ಎಂಬ ವಿದ್ವಾಂಸರು 1904ರಲ್ಲಿ ಸೂಚಿಸಿದರು. ಮುಂದೆ ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಪರಿಶೀಲಿಸಿದರು. ಅದು ಕನ್ನಡವೇ ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿಲ್ಲ; ಅದಂತಿರಲಿ. ಯಾವ ನಿಘಂಟಿನಲ್ಲಿಯೂ ಸಿಕ್ಕದ ಮಾತಿನ ಮುಂದೆ ಕುಳಿತವರಿಗೆ ಆಧಾರವಾದುದು ಯಾವುದು? ಯಾರು ಯಾರೊಡನೆ ಆಡುತ್ತಿದ್ದಾರೆ, ರಂಗದ ಮೇಲೆ ಆಗ ಮದ್ಯವನ್ನು ಹೊಯ್ಯುತ್ತಿದ್ದಾರಲ್ಲವೆ ಎಂಬ ಸನ್ನಿವೇಶ.

ಈ ವಿಚಾರದಲ್ಲಿ ನಾವು ಮಾಡಿನೋಡಿದ ಒಂದು ಸಣ್ಣ ಪ್ರಯೋಗವನ್ನು ಹೇಳುತ್ತೇವೆ. 'ಪ್ರಿಕೇರಿಯಸ್' ಪದಕ್ಕೆ 'ಅನಿಶ್ಚಿತ' ಎಂದು ಬರೆದುಕೊಂಡಿದ್ದ ಹುಡುಗಿಯೊಬ್ಬಳು, ಇಂದಿನ ಮಳೆ ಪ್ರಿಕೇರಿಯಸ್ ಎಂದು ವಾಕ್ಯ ಮಾಡಿದ್ದಳು. ಪಟ್ಟಿಯ ಪ್ರಕಾರ ತಪ್ಪಲ್ಲ. ಅಡಿಕೆ ಮರದ ಸಂಕವನ್ನು ಮಳೆಗಾಲದಲ್ಲಿ ದಾಟುವಾಗ ಕಾಲಿಗೆ ಆಗುವ ಸ್ಥಿತಿಯೇ ಪ್ರಿಕೇರಿಯಸ್ ಎಂದೆವು. ಅದರ ಮೇಲೆ ಪದದ ಹಳೆಯ ಕತೆಯನ್ನೂ ತಿಳಿಸಿದೆವು. ಲ್ಯಾಟಿನಿನಲ್ಲಿ ಅದರ ಮೂಲವು ಬೇಡಿಕೊಳ್ಳುವುದು, ಪ್ರಾರ್ಥಿಸುವುದು. ಬೇಡಿ ಪಡೆದುದನ್ನು ಕೊಟ್ಟವನ ಮನಸ್ಸಿರುವ ತನಕ ಮಾತ್ರ ಇಟ್ಟುಕೊಳ್ಳಬಹುದು. ರೋಮನರ ಕಾನೂನಿನಲ್ಲಿ ಅಂತಹ ಅನುಭೋಗಕ್ಕೇ ಈ ಕುಟುಂಬದ ಹೆಸರಿದ್ದಿತು. ಹುಡುಗಿ ಕೇಳಿಕೊಂಡು ಹೋದಳು. ಮರುದಿನ ಬಂದವಳೇ, "ಪ್ರಿಕೇರಿಯಸ್ ಅಂದರೆ ಚಾಲಗೇಣಿ ಅಲ್ಲವಾ ಮಾಷ್ಟ್ರೆ? ಅಜ್ಜಿ ಹೇಳಿದರು" ಎಂದಳು.

ನಾವು ಮಾತಿಲ್ಲದೆ ಕುಳಿತೆವು. ದಕ್ಷಿಣ ಕನ್ನಡದ ಹಳೆಯ ಒಕ್ಕಲುತನದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಭೇದವಿದ್ದುದನ್ನು ಹಿರಿಯರು ಬಲ್ಲರು. ಮೂಲಗೇಣಿಯವನು ಗೊತ್ತಾದ ಗೇಣಿಯನ್ನು ಅಳೆಯುತ್ತಿರುವ ತನಕ ಅವನನ್ನು ಎಬ್ಬಿಸುವಂತಿಲ್ಲ. ಚಾಲಗೇಣಿಯವನು ಧಣಿಯ ಮನಸ್ಸಿದ್ದಷ್ಟು ದಿನ. ಗೇಣಿಯೂ ಏರಬಹುದು, ಒಕ್ಕಲೂ ಏಳಬೇಕಾದೀತು. ಕೇರಳದ ಭೂಸುಧಾರಣೆಯ ಕಾನೂನಿನಂತೆ 1970ರ ಜನವರಿ 1ರಂದು ಗೇಣಿಭೂಮಿಯ ಮೇಲಿನ ಧಣಿಗಳ ಹಕ್ಕು ಸರಕಾರಕ್ಕೆ ಸೇರಿ ಆ ಬಾಳು ಮುಗಿಯಿತು. ಅಜ್ಜಿಗೆ ಇಂಗ್ಲಿಷು ಬಾರದು; ಮೊಮ್ಮಗಳು ಅವಳಿಗೆ ತುಳುವಿನಲ್ಲಿ ವಿವರಿಸಿದ್ದಳು. ಯಾವ ಪಟ್ಟಿಯೂ ಕೊಡದ ಅರ್ಥವು ವರ್ಕಾಡಿಯ ಒಂದು ಜಗಲಿಯಲ್ಲಿ ಸಿಕ್ಕಿತು, ಅದೂ ರೋಮನರ ಕಾನೂನಿಗೆ ನೇರವಾಗಿ ಹೊಂದುವಂತಹುದು.

ಇಷ್ಟೆಲ್ಲ ಏಕೆ, ಇಂಗ್ಲಿಷಿಗೆ ಇಂಗ್ಲಿಷಿನಲ್ಲಿಯೇ ಅರ್ಥ ತಿಳಿದರೆ ಸಾಲದೆ, ಕೈಫೋನಿನಲ್ಲಿ ಒತ್ತಿದರೆ ಕ್ಷಣದಲ್ಲಿ ಬರುತ್ತದಲ್ಲ ಎಂದು ನಮ್ಮ ತರುಣ ಮಿತ್ರರು ಕೇಳುತ್ತಾರೆ. ಬರುತ್ತದೆ, ಮುಂದುವರಿದ ವಿದ್ಯಾರ್ಥಿಗ ಅದೇ ಒಳ್ಳೆಯದೆಂಬುದನ್ನೂ ಒಪ್ಪುತ್ತೇವೆ. ಆದರೆ ಕನ್ನಡ ಮಾಧ್ಯಮದ ತರಗತಿಗಳಿಂದ ಮಕ್ಕಳನ್ನು ಬಿಡಿಸಿ ಕರೆದೊಯ್ಯುವ ತಂದೆತಾಯಿಗಳು ಹೇಳುವ ಕಾರಣ ಯಾವುದು? ಕನ್ನಡದ ಮೂಲಕ ಹೋದವನಿಗೆ ಇಂಗ್ಲಿಷಿನ ಶಬ್ದಸಂಪತ್ತು ಬಾರದೆಂಬುದು. ನಾವು ಕನ್ನಡದಲ್ಲಿ ಕೊಡುವ ಅರ್ಥವು ಮಗುವಿಗೆ ಇಂಗ್ಲಿಷಿಗಿಂತ ದೂರದ್ದಾಗಿದ್ದರೆ ಆ ತಂದೆತಾಯಿಗಳ ಮಾತನ್ನು ನಾವೇ ನಿಜಮಾಡಿದಂತೆ. ಚಾಲಗೇಣಿಯನ್ನು ಬಲ್ಲ ಮನೆಯಿಂದ ಬಂದ ಮಗುವು 'ಪ್ರಿಕೇರಿಯಸ್' ಪದವನ್ನು ಯಾವ ಪಟ್ಟಣದ ಮಗುವಿಗಿಂತಲೂ ಆಳವಾಗಿ ತಿಳಿಯಬಲ್ಲುದು. ತಿಳಿಯಗೊಡದೆ ನಡುವೆ ನಿಂತುದು ನಮ್ಮ 'ಅನಿಶ್ಚಿತ'.

ಮೊದಲು ಹೇಳಿದ ಹುಡುಗನಿಗೆ, ಪುಟದ ಬಲಬದಿಯಲ್ಲಿ ಇನ್ನೊಂದು ಗೆರೆ ಎಳೆದು ಮೂರನೆಯ ಮನೆಯನ್ನು ಮಾಡಿಕೊಳ್ಳಲು ಹೇಳಿದೆವು. ಅಲ್ಲಿ ಮನೆಯ ಮಾತಿನಲ್ಲಿಯೋ ಊರಿನ ಸಂಗತಿಯಿಂದಲೋ ಒಂದು ವಾಕ್ಯ ಬರೆಯಬೇಕು. ಸಿಕ್ಕದಿದ್ದರೆ ಖಾಲಿ ಬಿಡಬಹುದು. ಇನ್ನೂರು ಪದಗಳಲ್ಲಿ ಸುಮಾರು ನಲ್ವತ್ತಕ್ಕೆ ಬರೆದು ತಂದನು. ಕೆಲವು ತಪ್ಪು, ಕೆಲವು ನಗು ಬರುವಂತಹುವು. 'ಎಫೆಮೆರಲ್' ಎಂಬಲ್ಲಿ, ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತಿ ಬೆಳಗಾಗುವಾಗ ರೆಕ್ಕೆ ಮಾತ್ರ ಉಳಿಸುವ ಗೆದ್ದಲ ಹುಳುಗಳ ಹಾಗೆ, ಎಂದು ಬರೆದಿದ್ದನು. ಗ್ರೀಕಿನಲ್ಲಿ ಆ ಪದದ ಮೂಲಾರ್ಥವು ಒಂದು ದಿನ ಬಾಳುವುದೆಂದೂ, ಒಂದೇ ದಿನ ಹಾರಿ ಸಾಯುವ ಒಂದು ಜಾತಿಯ ಹುಳುವಿಗೆ ಪ್ರಾಣಿಶಾಸ್ತ್ರದವರು ಅದೇ ಹೆಸರನ್ನಿಟ್ಟಿದ್ದಾರೆಂದೂ ಹೇಳಿದೆವು. ಆತನು ಹಿಗ್ಗಿದನು. ಬಳಿಕ ಪುಸ್ತಕವನ್ನು ಮಡಚುತ್ತ, "ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕು ಸಿಕ್ಕುತ್ತದಾ ಮಾಷ್ಟ್ರೆ?" ಎಂದು ಕೇಳಿದನು.

ಉತ್ತರಪತ್ರಿಕೆಗಳನ್ನು ತಿದ್ದುವವರು ಈ ಸಂಚಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಹುಡುಗನ ಪ್ರಶ್ನೆಯನ್ನು ಅವರ ಮುಂದೆ ಇಟ್ಟಿದ್ದೇವೆ.